ಎರಡು ನಿಮಿಷ ತಡವಾಗಿ ಬಂದ ಲೈವ್

ಮಗಳು ಟಿವ್ಯಾಗ ಬರ್ತಾಳಂದ್ರ ಯಾವ ಅಪ್ಪಗ ಖುಷಿ ಆಗಂಗಿಲ್ಲ ಹೇಳ್ರಿ. ನನಗ ಮಾತ್ರ ಚಿಂತಿ ಹತ್ತಿತು. ಯಾಕಂದ್ರ ನಮ್ಮ ಮನಿ ಟಿವಿಗೆ ಉಗ್ಗು ಇತ್ತು.

ಉಗ್ಗು ಅಂದ್ರ ಖರೇನೇ ಉಗ್ಗು. ಸುದ್ದಿ ಓದೋ ಹೆಣ್ಣಮಗಳು "ಮುಖ್ಯಮಂ..." ಅಂತ ಬಾಯಿ ತಗದು ಹಂಗೇ ನಿಂತುಬಿಡ್ತಿದ್ದಳು. ಪರದೆ ನಡುವ ಒಂದು ಬೆಳ್ಳನ ಚಕ್ರ ಗರಗರ ತಿರುಗ್ತಿತ್ತು. ನನ್ನ ಹೆಂಡತಿ ಅರ್ಜುಮಂದ ಅಡಗಿಮನಿಗೆ ಹೋಗಿ ಒಂದು ರೊಟ್ಟಿ ಬಡದು ಬಂದ ಮ್ಯಾಲೆ "...ತ್ರಿಗಳು" ಅಂತಿದ್ದಳು. (ಈಕಿ ಹೆಸರು ಹೇಳಿ ಮುಗಸೂದ್ರಾಗ ಮಂತ್ರಿನೇ ಬದಲಾಗಿರ್ತಾನ ಅಂತ ನನ್ನ ತಾಯಿ ಹಜರಾಬೀಯ ಅಭಿಪ್ರಾಯ.)

ಈ ಅಪರಾಧಕ್ಕ ನಾನೇ ಆರೋಪಿ ಅಂತ ಮನ್ಯಾಗ ಯಾವಾಗೋ ತೀರ್ಪು ಆಗಿತ್ತು. ಮಾಳಗಿ ಮ್ಯಾಲಿನ ಡಿಶ್ ಟಿವಿ ಛತ್ರಿ ಕಿತ್ತಿಸಿ, ಇಂಟರ್ನೆಟ್ ವೈರ್ ಎಳಿಸಿ, ಪಡಸಾಲ್ಯಾಗ ವೈಫೈ ಡಬ್ಬಿ ಪ್ರತಿಷ್ಠಾಪನಾ ಮಾಡಿದವ ನಾನು. "ಇನ್ನ ಮ್ಯಾಲೆ ಚಿತ್ರ ಗಾಳ್ಯಾಗ ಬರ್ತಾವ" ಅಂತ ಸಾರಿದವನೂ ನಾನೇ. ನಮ್ಮದು ಶಹಾಪುರದ ಹಳೇ ಕಲ್ಲಿನ ಮನಿ. ಗ್ವಾಡಿ ಎಷ್ಟು ದಪ್ಪ ಅಂದ್ರ ಅದರಾಗಿನ ಮಾಡದೊಳಗ ಒಂದು ಕೂಸನ್ನ ಮಲಗಿಸಬಹುದು. ಪಡಸಾಲ್ಯಾಗಿನ ಡಬ್ಬಿಯಿಂದ ಹೊಂಟ ಗಾಳಿ ಒಳಗಿನ ಖೋಲಿಯ ಟಿವಿ ಮುಟ್ಟೂದ್ರಾಗ ಅದಕ್ಕ ಏದುಸಿರು ಬರ್ತಿತ್ತು.

ಮಗಳು ಸಬಾ ಭೀಮರಾಯನಗುಡಿ ಕಾಲೇಜಿನ್ಯಾಗ ಕೃಷಿ ಓದಿ ಈಗ ಕೆಲಸಕ್ಕ ಸೇರ್ಯಾಳ. ಒಂದು ಚಾನೆಲ್ಲಿನವರು ಅಕಿನ್ನ ಐತವಾರ ಮಧ್ಯಾಹ್ನದ ಲೈವ್ ಕಾರ್ಯಕ್ರಮಕ್ಕ ಕರದಿದ್ರು. ರೈತರು ಫೋನ್ ಮಾಡಿ ಕೇಳೋದು, ಸಬಾ ಕುಂತಲ್ಲೇ ಉತ್ತರ ಹೇಳೋದು.

"ಬಾಜೂ ಮನಿ ಮಲ್ಕಪ್ಪಣ್ಣಾರ ಮನಿ ಮ್ಯಾಲೆ ಇನ್ನೂ ಛತ್ರಿ ಅದ. ಅಲ್ಲೇ ಹೋಗಿ ನೋಡೂಣು," ಅಂದಳು ಅರ್ಜುಮಂದ. (ನಮ್ಮ ಮನಿಮಾತು ದಖನಿ. ನಿಮ್ಮ ಸಲುವಾಗಿ ಕನ್ನಡಕ್ಕ ತಂದೀನಿ. ಬೈಗುಳದಾಗ ಖಾರ ಕಮ್ಮಿ ಅನಿಸಿದ್ರ ಅದು ಅನುವಾದದ ದೋಷ, ಅಕಿದಲ್ಲ.)

"ನನ್ನ ಮಗಳ ಮಾರಿ ನೋಡಾಕ ನಾ ಇನ್ನೊಬ್ಬರ ಹೊಸ್ತಿಲ ದಾಟಬೇಕಾ? ಅವರನ್ನೇ ಇಲ್ಲಿಗೆ ಕರಿತೀನಿ."

"ಕರದು ಏನ್ ತೋರಸ್ತೀರಿ, ಚಕ್ರ?"

ಆ ಮಾತು ನಾಟಿತು. ನಾ ಬಳಿ ಅಂಗಡಿ ನಡಸಾವ. ಎಂಥಾ ಬಿರುಸು ಕೈಗೂ ಗಾಜಿನ ಬಳಿ ಒಡೀಲಾರದಂಗ ಏರಸ್ತೀನಿ. ಈ ಡಬ್ಬಿ ಯಾವ ಗಿಡದ ತಪ್ಪಲ ಅಂತ ಟೊಂಕ ಕಟ್ಟಿ ನಿಂತೆ.

ಮೊದಲು ಡಬ್ಬಿನ್ನ ಕಪಾಟದ ಮ್ಯಾಲೆ ಇಟ್ಟೆ. ಚಿತ್ರ ಪೂರಾ ಹೋತು. ಕಬ್ಬಿಣ ಅಡ್ಡ ಬಂತೇನೋ ಅಂತ ಕಪಾಟ ಸರಿಸಿದೆ. ಸೊಂಟ ಹಿಡೀತು. ಆಮ್ಯಾಲೆ ಪಡಸಾಲಿ, ಖೋಲಿ ಎರಡಕ್ಕೂ ನಡುವ ಇರೋ ತೊಟ್ಟಿಲಿನ ಕೊಂಡಿಗೆ ಡಬ್ಬಿನ್ನ ದಾರದಿಂದ ತೂಗು ಹಾಕಿದೆ. ಚಿತ್ರ ಎದ್ದು ಕುಂತಂಗ ಆತು.

ನನ್ನ ತಾಯಿ ತಲಿ ಎತ್ತಿ ನೋಡಿದಳು. "ತೊಟ್ಟಿಲಕ್ಕೇನೋ ಹಾಕಿದಿ. ಹೆಸರು ಏನಿಡ್ತಿ?"

ಆದ್ರ ಖೋಲಿಗೆ ಹೋಗಿ ಬರೋರ ಹಣಿಗೆಲ್ಲ ಡಬ್ಬಿ ಬಡೀತಿತ್ತು. ಬಡದಾಗೊಮ್ಮೆ ಚಿತ್ರ ಉಗ್ಗತಿತ್ತು. ಎಲ್ಲರ ಫೋನಿನ ನೆಟ್ ಬಂದ್ ಮಾಡಿಸಿದೆ. ಅರ್ಜುಮಂದ ಫೋನಿನ್ಯಾಗ ನೋಡಾಕತ್ತಿದ್ದ ಬಿರಿಯಾನಿ ವಿಡಿಯೋ ದಮ್ಮಿಗೆ ಬರೋ ಮೊದಲೇ ನಿಂತುಹೋತು. ಆವತ್ತು ನಮಗೆ ಸಿಕ್ಕಿದ್ದು ಬ್ಯಾಳಿ ಸಾರು.

ಕಡೀಕ ಸುರಪುರದಾಗ ಮೊಬೈಲ್ ಅಂಗಡಿ ಇಟ್ಟಿರೋ ಅರ್ಜುಮಂದಳ ತಮ್ಮ ಅಯಾಜಗ ಫೋನ್ ಹಚ್ಚಿದೆ.

"ದುಲ್ಹೇಭಾಯಿ, ಟಿವಿ ಆ್ಯಪಿನ ಸೆಟ್ಟಿಂಗಿನಾಗ ಬಫರ್ ಅಂತ ಅದ, ಅದನ್ನ ಸ್ವಲ್ಪ ಹೆಚ್ಚ ಮಾಡ್ರಿ," ಅಂದ. "ಟಿವಿ ಒಂದಿಷ್ಟು ಚಿತ್ರ ಮೊದಲೇ ತಂದು ಕೂಡಿಟ್ಟುಕೊಂಡು ಆಮ್ಯಾಲೆ ತೋರಸ್ತದ. ನಡುವ ನೆಟ್ ಹೋದ್ರೂ ಕೂಡಿಟ್ಟದ್ದು ಓಡ್ತಿರ್ತದ. ಖರೆ, ಅಲ್ಲಿ ಆಗಿದ್ದು ನಿಮಗ ತಡಾ ಕಾಣ್ತದ."

"ಎಷ್ಟು ತಡಾ?"

"ನೀವು ಎಷ್ಟು ಇಟ್ಟೀರಿ ಅಷ್ಟು."

ಸ್ವಲ್ಪ ಅನ್ನೋ ಶಬ್ದ ನನ್ನ ಸ್ವಭಾವಕ್ಕ ಒಗ್ಗಂಗಿಲ್ಲ. ಬಫರಿನ ಗೆರಿ ಎಲ್ಲೀತನಕ ಹೋಗ್ತದ ಅಲ್ಲೀತನಕ ಎಳದೆ. ಲೈವ್ ಎರಡು ನಿಮಿಷ ಹಿಂದ ಬಿತ್ತು. ಆದ್ರ ಉಗ್ಗು ಹೋತು. ಡಬ್ಬಿ ಮತ್ತ ಪಡಸಾಲಿ ಸೇರಿತು. ಸುದ್ದಿಯಾಕಿ ಭೀಮಾ ನದಿ ಹರದಂಗ ಮಾತಾಡಿದಳು.

ಐತವಾರ ಮಲ್ಕಪ್ಪ, ಅವನ ಹೆಂಡತಿ ರೇಣಮ್ಮ ಬಂದು ಕುಂತ್ರು. ಮಲ್ಕಪ್ಪನ ಹೊಲ ರಾಮಸಮುದ್ರದ ಕಡೆ. ತೊಗರಿ ಹಾಕ್ತಾನ, ಕುರಿ ಸಾಕ್ಯಾನ. ಟಿವ್ಯಾಗ ಸಬಾ ನೀಲಿ ದುಪಟ್ಟಾ ಹಾಕ್ಕೊಂಡು ಬಂದಳು. ಮಲ್ಕಪ್ಪ "ಕನ್ನಡಿಯಾಗ ನೋಡಿದಂಗ ಅದ ಬಿಡ್ರಿ" ಅಂದ. ನಾ ಅರ್ಜುಮಂದಳ ಕಡೆ ನೋಡಿದೆ. ಅಕಿ ನೋಡಲಿಲ್ಲ. ಮಗಳನ್ನ ಬಿಟ್ಟು ಕಣ್ಣು ಕದಲಲಿಲ್ಲ.

ಆದ್ರ ಒಂದೂ ಫೋನ್ ಬರಲಿಲ್ಲ. "ರೈತ ಬಾಂಧವರು ಕರೆ ಮಾಡಬಹುದು" ಅಂತ ನಿರೂಪಕಿ ಹೇಳೇ ಹೇಳಿದಳು. ಸಬಾ ಪೆನ್ನು ತಿರುವಾಕತ್ತಿದ್ದಳು. ಸಣ್ಣಾಕಿ ಇದ್ದಾಗ ಅಳೂ ಮೊದಲು ಹಂಗೇ ಏನರೆ ಹಿಡದು ತಿರುವತಿದ್ದಳು.

"ಮಲ್ಕಪ್ಪಣ್ಣ, ನೀವಾದ್ರೂ ಹಚ್ಚರಿ," ಅಂದೆ.

"ಒಲ್ಲೆ ಸಾಬ್ರ. ಟಿವ್ಯಾಗಿನವ್ರ ಸಂಗಾಟ ಮಾತಾಡಾಕ ನಂಗ ನಾಚಿಕಿ."

ನಾ ಸುಮ್ನ ಎದ್ದು ಅಡಗಿಮನಿಗೆ ಹೋಗಿ ನಂಬರ್ ಒತ್ತಿದೆ. ತಕ್ಷಣ ಹತ್ತಿತು.

"ನಮಸ್ಕಾರ, ಎಲ್ಲಿಂದ ಮಾತಾಡ್ತಿದ್ದೀರಿ?"

ಗಂಟಲ ದಪ್ಪ ಮಾಡಿದೆ. "ರಾಮಸಮುದ್ರದಿಂದ್ರಿ. ಮಲ್ಕಪ್ಪ ಅಂತ." (ಅವಸರದಾಗ ಬ್ಯಾರೆ ಹೆಸರು ಹೊಳೀಲಿಲ್ಲ.) "ನಮ್ಮ ತೊಗರಿ ಬಳ್ಳಿ ಹಳದಿ ಆಗ್ಯಾವ್ರಿ ಮೇಡಂ."

ಆ ಕಡಿಯಿಂದ ಮಗಳ ಧ್ವನಿ ಬಂತು. "ತೊಗರಿ... ಬಳ್ಳಿ?"

"ಹೌದ್ರಿ. ಗ್ವಾಡಿ ತುಂಬ ಹಬ್ಬಿತ್ತು."

"ಯಾವ ತಳಿ ಹಾಕೀರಿ?"

"ಹಸರು," ಅಂದೆ. "ನಡುವ ಬಂಗಾರದ ಚುಕ್ಕಿ." (ಬಾಯಿಗೆ ಅಂಗಡಿ ರೂಢಿ. ನಾ ಏನ್ ಮಾಡ್ಲಿ.)

ಅಷ್ಟ್ರಾಗ ಹಿಂದಿನಿಂದ ಅರ್ಜುಮಂದ ಬಂದಳು. "ಯಾರ ಜೋಡಿ ತೊಗರಿ ಮಾತಾಡಾಕತ್ತೀರಿ? ಕುಂಡ್ಯಾಗಿನ ಪುದೀನಾ ಉಳಸಾಕ ಆಗ್ಲಿಲ್ಲ ನಿಮಗ."

ನಾ ಕೈಲೇ ಫೋನ್ ಮುಚ್ಚಿ "ಸಬಾ" ಅಂದೆ. ತಪ್ಪಾತು. ಅಕಿ ಫೋನ್ ಕಸಗೊಂಡಳು.

"ಬೇಟಾ, ಊಟ ಮಾಡಿದಿ?"

"ಮಾಡೀನಿ, ಅಮ್ಮೀ," ಅಂತು ಕೃಷಿ ತಜ್ಞೆಯ ಸಣ್ಣ ಧ್ವನಿ. ಫೋನ್ ಕಟ್ ಆತು.

ಇಷ್ಟಾದ ಮ್ಯಾಲೆ ನನಗ ಹೊಳೀತು. ರಾಜ್ಯಕ್ಕೆಲ್ಲ ಗೊತ್ತಾದದ್ದು ನಮ್ಮ ಖೋಲ್ಯಾಗ ಕುಂತವರಿಗೆ ಇನ್ನೂ ಗೊತ್ತಾಗಿಲ್ಲ. ನಮ್ಮ ಟಿವ್ಯಾಗ ನಿರೂಪಕಿ ಇನ್ನೂ ಫೋನ್ ಕಾಯಾಕತ್ಯಾಳ. ಓಡಿ ಹೋಗಿ ರಿಮೋಟ್ ಕೇಳಿದೆ. ನನ್ನ ತಾಯಿ ಅದನ್ನ ಸೆರಗಿನ್ಯಾಗ ಹಿಡದು "ಮೊಮ್ಮಗಳು ಹೋಗೂತನಕ ಕೊಡಂಗಿಲ್ಲ" ಅಂದಳು. ಪಡಸಾಲಿಗೆ ಓಡಿದೆ. ಯಾವ ನೆಟ್ಟಿನ ಸಲುವಾಗಿ ಸೊಂಟ ಕಳಕೊಂಡಿದ್ದೆನೋ ಅದರ ವೈರ್ ನನ್ನ ಕೈಯಾರೆ ಕಿತ್ತು, ಉಸ್ ಅಂತ ನಿಂತೆ.

ಒಳಗಿಂದ ಸ್ಪಷ್ಟ ಕೇಳಿಸಿತು. "ರಾಮಸಮುದ್ರದಿಂದ್ರಿ. ಮಲ್ಕಪ್ಪ ಅಂತ."

ಕೂಡಿಟ್ಟದ್ದು ಓಡಾಕತ್ತಿತ್ತು.

"ರೇಣೀ, ನಾ ಇಲ್ಲೇ ಕುಂತೀನಿ ಹೌದಲ್ಲ?" ಅಂದ ಮಲ್ಕಪ್ಪ.

"ಕುಂತೀರಿ. ಆದ್ರ ಗ್ವಾಡಿಗೆ ತೊಗರಿ ಯಾವಾಗ ಹಬ್ಬಿಸಿದ್ರಿ?"

"ಇದು ನನ್ನ ಮಗನ ಗಂಟಲ," ಅಂದಳು ನನ್ನ ತಾಯಿ.

ಬಂಗಾರದ ಚುಕ್ಕಿ ಬಂತು, ಪುದೀನಾ ಬಂತು, ಊಟ ಬಂತು. ಎಲ್ಲಾ ಬೆಣ್ಣಿಯಂಗ ಬಂದ್ವು, ಎಲ್ಲೂ ಒಂದಕ್ಷರ ಉಗ್ಗಲಿಲ್ಲ. ಆಮ್ಯಾಲೆ ಸಬಾ ನಕ್ಕಿದ್ದು ಕೇಳಿಸಿತು. "ವೀಕ್ಷಕರೇ, ಕ್ಷಮಿಸ್ರಿ. ನಮ್ಮ ಅಬ್ಬಾ ಅಂದ್ರ..." ಅಷ್ಟೇ. ಸಂಗ್ರಹ ಮುಗೀತು.

ಅರ್ಜುಮಂದ ಪಡಸಾಲಿಗೆ ಬಂದು ನನ್ನ ಕೈಯಾಗಿನ ವೈರ್ ನೋಡಿದಳು. ಬೈಲಿಲ್ಲ. ಅದಕ್ಕೇ ಅಂಜಿಕಿ ಬಂತು.

"ಮಗಳು ನಿಮ್ಮ ಬಗ್ಗೆ ಏನೋ ಹೇಳಾಕತ್ತಿದ್ದಳು. ಹಚ್ಚರಿ ಅದನ್ನ."

ಹಚ್ಚಿದೆ. ಡಬ್ಬಿ ಕೆಂಪಾತು, ಮಿಣುಕಿತು, ವಿಚಾರ ಮಾಡಿತು, ಹಸರಾತು. ಟಿವಿ ಮತ್ತ ಚಿತ್ರ ಕೂಡಿಡಾಕ ಕುಂತಿತು. ಕಡೀಕ ಬಂದದ್ದು ನೀರಿನ ಮೋಟಾರಿನ ಜಾಹೀರಾತು.

ಸಂಜಿಗೆ ಸಬಾನ ಫೋನ್ ಬಂತು. ಸ್ಪೀಕರ್ ಹಾಕಿದ್ರು. ಮಲ್ಕಪ್ಪ ದಂಪತಿ ಚಹಾ ಕುಡ್ಕೋತ ಇನ್ನೂ ಅಲ್ಲೇ ಇದ್ರು. (ಇಂಥಾ ದಿನ ಯಾರು ಎದ್ದು ಹೋಗ್ತಾರ.)

"ಅಬ್ಬಾ, ನೀವು ಇಟ್ಟ ಮ್ಯಾಲೆ ಫೋನ್ ಮ್ಯಾಲೆ ಫೋನ್ ಬಂದ್ವು," ಅಂದಳು. "ಅರ್ಧ ಮಂದಿ ಆ ಬಳ್ಳಿ ತೊಗರಿ ಬೀಜ ಎಲ್ಲಿ ಸಿಗ್ತದ ಅಂತ ಕೇಳಿದ್ರು."

"ನನ್ನ ಬಗ್ಗೆ ಏನಂದಿ?"

"ಅದು ಇರ್ಲಿ ಬಿಡ್ರಿ. ಚಾನೆಲ್ಲಿನವರು ಮುಂದಿನ ವಾರನೂ ನನ್ನನ್ನ ಕರದಾರ. ರಾಮಸಮುದ್ರದ ಖರೇ ಮಲ್ಕಪ್ಪ ಕಾಕಾರನ್ನೂ ಸ್ಟುಡಿಯೋಕ್ಕ ಕರಕೊಂಡು ಬಾ ಅಂದಾರ."

ನಾಚಿಕಿ ಅಂದಿದ್ದ ಮಲ್ಕಪ್ಪ ಹೆಗಲ ಮ್ಯಾಲಿನ ಟವೆಲ್ ಝಾಡಿಸಿ ತಲಿಗೆ ಸುತ್ತಿದ. "ಕರದ್ರ ಹೋಗಬೇಕವ್ವ. ಇಲ್ಲ ಅನಬಾರದು."

ನಾನೂ ಅಂಗಿ ಸರಿ ಮಾಡ್ಕೊಂಡೆ. "ಅವರ ಜೋಡಿ ನಾ ಬರ್ತೀನಿ. ದಾರಿ ಗೊತ್ತಾಗಬೇಕಲ್ಲ."

"ನೀವು ಬ್ಯಾಡಂತ್ರಿ, ಅಬ್ಬಾ," ಅಂದಳು ಸಬಾ. "ಹಿಂದ ಪುದೀನಾ ಅಂತ ಒದರಿದ ಹೆಣ್ಣಮಗಳು ಯಾರು, ಭಾಳ ಛಲೋ ಮಾತಾಡ್ತಾರ, ಅವರನ್ನ ಕರಕೊಂಡು ಬಾ ಅಂದಾರ."

ಅರ್ಜುಮಂದ ಆಗಲೇ ಕಪಾಟದ ಬಾಗಲ ತಗದು ರೇಷ್ಮಿ ದುಪಟ್ಟಾ ಹುಡುಕಾಕತ್ತಿದ್ದಳು. ಅದರಾಗೇ ತಲಿ ಹಾಕಿ, ನನ್ನ ಕಡೆ ತಿರುಗಲಾರದೇ ಹೇಳಿದಳು.

"ನೀವು ಮನ್ಯಾಗ ಕುಂತು ನೋಡ್ರಿ. ಈಗ ಚಿತ್ರ ಛಲೋ ಬರಾಕತ್ತದಲ್ಲ."