ಎರಡು ಮದುವೆ, ಒಂದು ಗೃಹಪ್ರವೇಶ

ಲಗ್ನಪತ್ರಿಕೆ ಕೈಗೆ ಕೊಟ್ಟರೆ ಮುಹೂರ್ತ ನೋಡದೆ ಕಾಗದದ ದಪ್ಪ ನೋಡುವ ಮನುಷ್ಯ ಇಡೀ ತುಮಕೂರು ಜಿಲ್ಲೆಗೆ ಒಬ್ಬರೇ. ನನ್ನ ಹಣೆಬರಹ ನೋಡಿ, ಅವರು ನನ್ನ ಸೋದರಮಾವ!

ಗುಬ್ಬಿಯಲ್ಲಿ ಅವರ ಮನೆ. ಊರೆಲ್ಲ ಕ್ಯಾಸೆಟ್ ಹಾಕಿಕೊಂಡು ಸುಖವಾಗಿದ್ದ ತೊಂಬತ್ತರ ದಶಕದಲ್ಲೂ ಮಾವ ಹಳೇ ರೆಕಾರ್ಡ್ ಪ್ಲೇಯರ್ ಬಿಡಲಿಲ್ಲ. ರೆಕಾರ್ಡುಗಳೋ, ಒಂದು ರೊಟ್ಟಿಯಷ್ಟು ದಪ್ಪ, ಇನ್ನೊಂದು ಹಪ್ಪಳದಷ್ಟು ತೆಳು. ದಪ್ಪದ್ದು ಹಾಕಿದರೆ ಮುಳ್ಳಿರುವ ಕೈಯ ಬುಡ ಏರಿಸಬೇಕು, ತೆಳ್ಳಗಿನದಕ್ಕೆ ಇಳಿಸಬೇಕು. ಒಟ್ಟಿನಲ್ಲಿ ಕೈ ಮಟ್ಟವಾಗಿ ನಿಲ್ಲಬೇಕು. ಅದಕ್ಕೆ ಬುಡದಲ್ಲಿ ಲಗ್ನಪತ್ರಿಕೆ ಚೂರುಗಳ ಪ್ಯಾಕಿಂಗು! ಅಳತೆಯೂ ಅದರದ್ದೇ: "ಈ ಪ್ಲೇಟಿಗೆ ಎರಡು ಮದುವೆ, ಒಂದು ಗೃಹಪ್ರವೇಶ ಸಾಕು ಕಣೋ."

ಕೈ ಮಟ್ಟ ಇದೆಯೋ ಇಲ್ಲವೋ ನೋಡುವ ಕೆಲಸ ನನ್ನದು. ಆರು ದಿನ ತುಮಕೂರಿನ ಆಫೀಸಲ್ಲಿ ಕತ್ತೆ ದುಡಿದ ಹಾಗೆ ದುಡಿದು, ಭಾನುವಾರ ಬಸ್ಸು ಹತ್ತಿ ಬಂದು, ಟೇಬಲ್ಲಿಗೆ ಕೆನ್ನೆ ಆನಿಸಿ ಒಂದು ಕಣ್ಣು ಮುಚ್ಚಬೇಕು.

"ಏನ್ಲಾ, ಸಮ ಐತಾ?"

"ಐತೆ ಮಾವ."

"ಸರಿಯಾಗಿ ನೋಡ್ಲಾ!"

ಅಷ್ಟು ಹೊತ್ತಿಗೆ ನನ್ನ ಕತ್ತೊಂದು ಬಿಟ್ಟು ಆ ಮನೆಯಲ್ಲಿ ಇನ್ನೇನೂ ಓರೆಯಾಗಿರುತ್ತಿರಲಿಲ್ಲ.

ತೀರ್ಪು ಮಾತ್ರ ಅತ್ತೆಯದು. ಹಾಡು ಶುರುವಾದ ಕೂಡಲೇ ಮಾವ ಉಸಿರು ಬಿಗಿಹಿಡಿದು ಅವರ ಮುಖ ನೋಡುತ್ತಿದ್ದರು. ಅತ್ತೆ ಒಂದಿಷ್ಟು ಹೊತ್ತು ಕೇಳಿ, "ಯಾಕೋ ಸಣ್ಣಗೆ ಕೇಳ್ತದೆ ಕಣ್ರೀ, ಮೊದ್ಲಿನಂಗಿಲ್ಲ" ಅಂದುಬಿಡೋರು. ಮುಗೀತು! ಮುಳ್ಳು ಎತ್ತು, ಪ್ಯಾಕಿಂಗ್ ಬಿಚ್ಚು. ಅವರ ಬಾಯಲ್ಲಿ ಒಂದು ಸಲ "ಚೆನ್ನಾಗಿದೆ" ಅಂತ ಬಂದಿದ್ದರೆ ಮಾವನ ಜನ್ಮ ಸಾರ್ಥಕ, ನನಗೂ ಬಿಡುಗಡೆ. ಬರಬೇಕಲ್ಲ?

ಕುಣಿಗಲ್ಲಿನಿಂದ ಅತ್ತೆಯ ತಂಗಿ ಮಗಳ ಲಗ್ನಪತ್ರಿಕೆ ಬಂತು. ಒಳ್ಳೇ ದಪ್ಪ ಕಾಗದ. ಮಾವ ಅವತ್ತೇ ಕತ್ತರಿ ಹಾಕಿದರು. ಮುಹೂರ್ತ ಯಾವತ್ತು ಅಂತ ಕೇಳುವಷ್ಟರಲ್ಲಿ ತಾರೀಖಿದ್ದ ಚೂರು ಬುಡ ಸೇರಿತ್ತು. "ಬುಧವಾರ ಇರಬೇಕು ಕಣೋ" ಅಂದರು. ನಾವು ಮೂವರೂ ಬುಧವಾರ ಜರಿ, ಶಲ್ಯ ಎಲ್ಲ ಏರಿಸಿಕೊಂಡು ಹೋದರೆ ಛತ್ರದ ಬಾಗಿಲಲ್ಲಿ ಒಬ್ಬಾತ ಬಾಳೆಕಂಬ ಬಿಚ್ಚುತ್ತಿದ್ದ. "ಮದ್ವೆ ನೆನ್ನೇನೇ ಆಯ್ತಲ್ಲ ಸ್ವಾಮಿ!" ಅತ್ತೆ ಒಂದು ವಾರ ಮಾವನ ಜೊತೆ ಮಾತು ಬಿಟ್ಟರು. ಮಾವ ವಾಪಸ್ ಬರುವ ಬಸ್ಸಲ್ಲಿ ನನ್ನ ಕಿವಿಯಲ್ಲಿ, "ಆದ್ರೂ ಕಾಗದ ಬಲು ಚೆನ್ನಾಗಿತ್ತು ಕಣೋ" ಅಂದರು.

ಕೊನೆಗೊಂದು ಭಾನುವಾರ ನನಗೆ ರೋಸಿಹೋಯಿತು. ಅತ್ತೆ ಅದೇ ತೀರ್ಪು ಕೊಟ್ಟು ಕಾಫಿಗೆ ಅಂತ ಒಳಗೆ ಹೋದರು. ನಾನು ರೇಗಿದೆ: "ಕೈ ಸರಿಯಾಗೇ ಐತೆ ಮಾವ! ಹಾಡು ಬೀದಿ ತನಕ ಕೇಳ್ತೈತೆ. ಅತ್ತೆಗೆ ಕಿವಿ ಮಂದ ಆಗೈತೆ, ಅಷ್ಟೆ!"

ಮಾವ ಅಡುಗೆಮನೆ ಕಡೆ ನೋಡಿದರು. "ಮೆಲ್ಲಗೆ ಮಾತಾಡ್ಲಾ. ನಂಗೊತ್ತಿಲ್ವಾ? ಡಾಕ್ಟ್ರು ನನ್ನೊಬ್ಬನ್ನೇ ಕರೆದು ಹೇಳವ್ರೆ. ಮುಂದೆ ಪೂರ್ತಿ ಹೋಯ್ತದಂತೆ. ಅವಳಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ ಕಣೋ. ತಪ್ಪು ಮುಳ್ಳಿಂದೇ ಅಂದ್ಕೊಂಡಿರ್ಲಿ ಬುಡು."

ನಾನು ಮತ್ತೆ ಟೇಬಲ್ಲಿಗೆ ಕೆನ್ನೆ ಆನಿಸಿ ಒಂದು ಕಣ್ಣು ಮುಚ್ಚಿದೆ. ಅತ್ತೆ ಕಾಫಿ ಹಿಡಿದು ಬಂದು, "ಏನಂತಪ್ಪಾ, ಸರಿಹೋಯ್ತಾ?" ಅಂದರು.

"ಇನ್ನೂ ಒಂಚೂರು ಓರೆ ಐತೆ ಅತ್ತೆ," ಅಂದೆ, ಜೋರಾಗಿಯೇ. "ಮುಂದಿನ ಭಾನುವಾರ ಬಂದು ನೋಡ್ತೀನಿ."