ಎಲ್ಲರ ಅಡಿಗೆಮನೆಯಲ್ಲೂ ನಮ್ಮ ಕಾಕು

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಜಾಲಾಡಿದರೂ ನಮ್ಮ ಕಾಕಾ ಕಟ್ಟಿದಷ್ಟು ಮನೆ ಕಟ್ಟಿದವರು ನಿಮಗೆ ಸಿಗುವುದಿಲ್ಲ. ಒಂದೇ ತೊಂದರೆ, ಅದರಲ್ಲಿ ಮುಕ್ಕಾಲು ಪಾಲು ಇನ್ನೂ ಕಂಪ್ಯೂಟರಿನಿಂದ ಹೊರಗೆ ಬಂದಿಲ್ಲ!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಘಟಪ್ರಭಾದಲ್ಲಿರುವ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಮೊದಲೆಲ್ಲ ಪೆನ್ಸಿಲ್, ಪಟ್ಟಿ ಹಿಡಿದು ಮನೆಗಳ ನಕ್ಷೆ ಬರೆಯುತ್ತ ತಮ್ಮ ಪಾಡಿಗೆ ತಾವಿದ್ದ ಮನುಷ್ಯ. ಯಾರೋ ಪುಣ್ಯಾತ್ಮರು ಬಂದು ತ್ರೀಡಿಯಲ್ಲಿ ಮನೆ ಕಟ್ಟುವ ಸಾಫ್ಟ್‌ವೇರ್ ಹಾಕಿಕೊಟ್ಟರು ನೋಡಿ, ಅಲ್ಲಿಗೆ ಕಾಕಾ ನಮ್ಮ ಕೈ ತಪ್ಪಿದರು. ಅದರಲ್ಲಿ ಕಾಂಪೊನೆಂಟ್ ಎಂಬ ಒಂದು ಮಾಯೆ ಇದೆಯಂತೆ. ಬಾಗಿಲೋ, ಕಂಬವೋ, ಮೆಟ್ಟಿಲೋ, ಮನುಷ್ಯನೋ, ಯಾವುದನ್ನೇ ಆಗಲಿ ಒಮ್ಮೆ ಮಾಡಿಟ್ಟರೆ ಸಾಕು, ಬೇಕಾದ ಕಡೆ ಬೇಕಾದಷ್ಟು ತಂದು ನಿಲ್ಲಿಸಬಹುದು. ಒಂದನ್ನು ತಿದ್ದಿದರೆ ಅದರ ಒಡಹುಟ್ಟಿದವೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತವೆ.

"ನೋಡವ್ವಾ," ಎಂದರು ಕಾಕಾ ನನಗೆ, "ನಮ್ಮ ಮಂದ್ಯಾಗ ಎಲ್ಲಾರಿಗೂ ಬೈದರೂ ಒಬ್ಬ ಸುಧಾರಸೂದಿಲ್ಲ. ಇಲ್ಲಿ ಒಬ್ಬಂಗ ಹೇಳಿದರ ಇಡೀ ಓಣಿ ಸುಧಾರಸ್ತೈತಿ!"

ಇತ್ತ ಕಾಕಾನ ಹೆಂಡತಿ, ನಮ್ಮ ಕಾಕುವಿನ ಬೇಡಿಕೆ ಒಂದೇ ಒಂದು: ನಿಂತು ಅಡಿಗೆ ಮಾಡಲು ಒಂದು ಕಟ್ಟೆ. ಅವರ ಒಲೆ ಇನ್ನೂ ನೆಲದ ಮೇಲೇ ಇತ್ತು. ರೊಟ್ಟಿ ಬಡಿದು ಮೇಲೇಳುವಾಗ ಮೊಣಕಾಲು ಕಟಕಟ ಅನ್ನುತ್ತಿತ್ತು. ಒಂದು ಕೈ ಗೋಡೆಗೆ, ಇನ್ನೊಂದು ಕೈ ದೇವರಿಗೆ. "ಊರಿಗೆಲ್ಲಾ ಕಟ್ಟಿ ಬರದ ಕೊಡೂ ಗಂಡ ಸಿಕ್ಕೂ ನನಗ ನೆಲಾನ ಗತಿ ಆತಲ್ಲವ್ವಾ," ಎಂದು ನಾನು ಹೋದಾಗಲೆಲ್ಲ ಹೇಳುವವರು. ಮುಂದಿನ ಕೋಣೆಯಿಂದ ಉತ್ತರ ಬರುತ್ತಿತ್ತು: "ಡಿಸೈನ್ ನಡದೈತಿ!" ಎಷ್ಟೋ ವರ್ಷಗಳಿಂದ ನಡದೇ ಇತ್ತು.

ನಡೆಯದೆ ಏನು ಮಾಡೀತು? ಕಾಕಾಗೆ ಬೇರೆ ಎಷ್ಟೊಂದು ಕೆಲಸ! ಸಾಫ್ಟ್‌ವೇರ್‌ನಲ್ಲಿ ಸಿದ್ಧವಾಗಿ ಸಿಗುವ ಸಾಮಾನೆಲ್ಲ ಪರದೇಶದ್ದು. ಹಿಮ ಬೀಳುವ ಊರಿನ ಚೂಪು ಗಿಡಗಳು, ಗೋಡೆಯೊಳಗೆ ಬೆಂಕಿ ಉರಿಯುವ ಗೂಡು. "ಹತ್ತರಗಿಯಂಥಾ ಊರ ಬಿಸಲಾಗ ಚಳಿ ಕಾಸಾಕ ಯಾರ್ ಕುಂದರತಾರ?" ಎಂದು ಕಾಕಾ ಅವನ್ನೆಲ್ಲ ಅಳಿಸಿ ತಮ್ಮ ಕೈಯಾರೆ ಸ್ವದೇಶಿ ಕಾಂಪೊನೆಂಟ್ ಮಾಡತೊಡಗಿದರು. ಬಚ್ಚಲ ಹಂಡೆ ಆಯಿತು, ಬೀಸುವ ಕಲ್ಲು ಆಯಿತು. ಹತ್ತರಗಿಯ ರೈತರೊಬ್ಬರು ಮನೆಯ ಜೊತೆಗೆ ದನದ ಕೊಟ್ಟಿಗೆಯ ನಕ್ಷೆಯನ್ನೂ ಕೇಳಿದ್ದೇ ತಡ, ಕಾಕಾ ಎಮ್ಮೆಗೆ ಕೈ ಹಾಕಿದರು. ಕೊಂಬಿನ ತಿರುವು, ಕಿವಿಯ ಕೂದಲು, ಬಾಲದ ತುದಿಯ ಕುಚ್ಚು, ಒಂದನ್ನೂ ಬಿಡಲಿಲ್ಲ. ರೈತರನ್ನು ಎದುರಿಗೆ ಕೂರಿಸಿಕೊಂಡು ಎಮ್ಮೆಯನ್ನು ಕೊಟ್ಟಿಗೆಗೆ ತಂದು ಕಟ್ಟಿದರು. ಕೆರೆಯಲ್ಲಿ ಎಮ್ಮೆ ಕೂತ ಹಾಗೆ ಕಂಪ್ಯೂಟರೇ ಕೂತುಬಿಟ್ಟಿತು! ಒದ್ದರೂ ಏಳಲಿಲ್ಲ, ಬಡಿದರೂ ಏಳಲಿಲ್ಲ.

"ಏನಾತ್ರಿ?"

"ಕಂಪ್ಯೂಟರಿಗೆ ಭಾರ ಆಗೇತ್ರಿ. ಎಮ್ಮೀ ಹೊಟ್ಟಿ ಸ್ವಲ್ಪ ಇಳಸಬೇಕು."

"ಹೊಟ್ಟಿ ಇಳಸಬ್ಯಾಡ್ರಿ, ಗಬ್ಬ ಐತೋ ಏನೋ!" ಎಂದರು ರೈತರು. ಮನೆಯ ವಿಚಾರ ಆವತ್ತು ಅಷ್ಟಕ್ಕೇ ನಿಂತಿತು.

ಮೂಡಲಗಿಯ ಬೀಜದ ವ್ಯಾಪಾರಿ ಸಾಹೇಬರದು ಇನ್ನೊಂದು ಕತೆ. ಅವರಿಗೆ ಸಾಲಾಗಿ ಬಾಡಿಗೆ ಅಂಗಡಿಗಳು ಬೇಕಿದ್ದವು. ಕಾಕಾ ಒಂದೇ ಶಟರ್ ಮಾಡಿ ಎಲ್ಲ ಅಂಗಡಿಗೂ ಅದನ್ನೇ ಹಚ್ಚಿದ್ದರು. ಮೂಲೆಯ ಅಂಗಡಿಗೆ ಟೆಂಪೊ ಒಳಗೆ ಬರುವಂತಿರಲಿ ಎಂದು ಸಾಹೇಬರು ಹೇಳಿದಾಗ ಕಾಕಾ ಆ ಒಂದು ಶಟರ್ ಅಗಲ ಮಾಡಿದರು. ಒಡಹುಟ್ಟಿದವು ಸುಮ್ಮನಿರುತ್ತವೆಯೇ? ಎಲ್ಲ ಶಟರ್‌ಗಳೂ ಅಗಲವಾಗಿ ನಡುವಿನ ಕಂಬಗಳನ್ನು ನುಂಗಿ ನೀರು ಕುಡಿದವು. ಸಾಹೇಬರು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು.

"ಕಂಬ ಎಲ್ಲಿ ಹೋದುವ್ರಿ?"

"ಅದಾವ್ರಿ ಸಾಹೇಬ್ರ, ಶಟರ್ ಒಳಗ ಅದಾವು."

"ಯಾ ಅಲ್ಲಾ! ಮ್ಯಾಲಿನ ಸ್ಲ್ಯಾಬ್ ಯಾವುದರ ಮ್ಯಾಲ ನಿಂತೈತ್ರಿ ಹಂಗಾರ?"

"ಸದ್ಯಾಕ ನನ್ನ ಮ್ಯಾಲಿನ ನಿಮ್ಮ ವಿಶ್ವಾಸದ ಮ್ಯಾಲ್ರಿ," ಎಂದರು ಕಾಕಾ. ಸಾಹೇಬರು ನಕ್ಕು ನಕ್ಕು ಕೆಮ್ಮಿದರು. ಚಹಾ ಕುಡಿದು ಹೋಗುವಾಗ ಮಾತ್ರ ಕಂಬ ವಾಪಸು ತರಿಸಿಯೇ ಹೋದರು.

ಇವೆಲ್ಲ ಚಿಲ್ಲರೆ. ದೊಡ್ಡ ರಾಮಾಯಣ ನಡೆದದ್ದು ಹುಕ್ಕೇರಿಯ ಗಂಡ ಹೆಂಡತಿ ತಮ್ಮ ಹೊಸ ಮನೆಯನ್ನು ಪರದೆಯ ಮೇಲೆ ನೋಡಲು ಬಂದಾಗ. ನಾನೂ ಅಲ್ಲೇ ಇದ್ದೆ. ಪಡಸಾಲೆ ನೋಡಿ ಆ ಹೆಂಗಸು ಖುಷಿಪಟ್ಟರು, ದೇವರ ಕೋಣೆ ನೋಡಿ ಕೈ ಮುಗಿದರು. ಅಡಿಗೆಮನೆ ಬಂತು. ಒಲೆಯ ಮುಂದೆ ಹಸಿರು ಇಳಕಲ್ ಸೀರೆ ಉಟ್ಟು, ಸೆರಗು ಸಿಕ್ಕಿಸಿ ಒಬ್ಬಾಕೆ ನಿಂತಿದ್ದಳು! ಆ ಹೆಂಗಸಿನ ಮುಖ ಕೆಂಪಾಯಿತು. ತಿರುಗಿದ್ದು ಕಾಕಾನ ಕಡೆಗಲ್ಲ, ತಮ್ಮ ಗಂಡನ ಕಡೆಗೆ.

"ಯಾರಕಿ ಇಕಿ? ನನ್ನ ಅಡಗಿಮನ್ಯಾಗ ಆಗಲೇ ಬಂದ ನಿಂತಾಳ?"

"ನನಗೇನ್ ಗೊತ್ತ?"

"ಗೊತ್ತಿಲ್ಲದಕಿ ಸೆರಗ ಸಿಗಿಸಿಕೊಂಡ ನಿಂದರತಾಳೇನು?"

ಆ ಬಡಪಾಯಿ ಬೆವೆತುಹೋದ. ಕಾಕಾ ಒಳಗೆ ಓಡಿ, ಕೈಯೆಲ್ಲ ಹಿಟ್ಟಾಗಿದ್ದ ಕಾಕುವನ್ನು ಹಾಗೇ ಎಳೆದು ತಂದು ಕಂಪ್ಯೂಟರ್ ಪಕ್ಕ ನಿಲ್ಲಿಸಿದರು. "ಇಕೀನರಿ ಅಕಿ! ಕಟ್ಟಿ ಎತ್ತರದ ಅಳತಿಗೆ ಅಂತ ಇಕಿ ಗೊಂಬಿ ಮಾಡಿ ನಿಂದರಸೇನಿ." ಅದೇ ಸೀರೆ, ಅದೇ ಕುಳ್ಳು ಆಕಾರ, ಅದೇ ಸಿಟ್ಟು. ಹುಕ್ಕೇರಿಯವರಿಗೆ ಜೀವ ಬಂದಂತಾಯಿತು. ಆದರೆ ಕಾಕು ಬಿಡಬೇಕಲ್ಲ! ಒಂದೊಂದೇ ಮನೆ ತೆಗೆಸಿ ನೋಡಿದರು. ಹತ್ತರಗಿಯ ಮನೆಯಲ್ಲಿ ಕಾಕು, ಗೋಕಾಕದ ಮನೆಯಲ್ಲಿ ಕಾಕು, ಎಲ್ಲ ಕಡೆಯೂ ಫಳಫಳ ಹೊಳೆಯುವ ಕಟ್ಟೆಯ ಮುಂದೆ ನೆಟ್ಟಗೆ ನಿಂತ ಕಾಕು.

"ಎಲ್ಲಾರ ಮನ್ಯಾಗ ನಿಂದರಸೀರಿ," ಎಂದರು ಮೆಲ್ಲಗೆ. "ನನ್ನ ಮನ್ಯಾಗ ಯಾವಾಗ ನಿಂದರಸ್ತೀರಿ?"

ಕಾಕಾ ಈ ಸಲ ಡಿಸೈನ್ ನಡೆದಿದೆ ಎನ್ನಲಿಲ್ಲ. ಕೆಲವು ದಿನ ಯಾರಿಗೂ ತೋರಿಸದೆ ಏನೋ ಮಾಡಿದರು. ಆಮೇಲೆ ಕಾಕುವನ್ನು ಅರಭಾವಿಯಲ್ಲಿದ್ದ ಅವರ ತಂಗಿಯ ಮನೆಗೆ ಕಳಿಸಿ, ಕಟ್ಟೆ ಕಟ್ಟಲು ಗೌಂಡಿಗಳನ್ನು ಕರೆಸಿಯೇಬಿಟ್ಟರು.

ಕೆಲಸ ಮುಗಿದ ಮೇಲೆ ಕಾಕುವನ್ನು ಬಸ್ಸಿನಲ್ಲಿ ಕರೆತಂದವಳು ನಾನೇ. ಯಾವ ಡಬ್ಬಿ ಎಲ್ಲಿ ಇಡಬೇಕು ಎಂಬುದೇ ದಾರಿಯುದ್ದಕ್ಕೂ ಮಾತು. ಮನೆಗೆ ಬಂದವರು ಚಪ್ಪಲಿ ಬಿಟ್ಟವರೇ ನೇರ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ನಿಂತರು. ಕಟ್ಟೆ ಅವರ ಎದೆಯ ಹತ್ತಿರಕ್ಕೆ ಬಂತು! ಕೈ ಮೇಲೆತ್ತಿದರೆ ಮಾತ್ರ ಪಾತ್ರೆ ಸಿಗುವ ಹಾಗಿತ್ತು.

"ಮೂರೂ ತಾಲೂಕಿನಾಗ ನನ್ನ ಅಳತಿ ಬರೋಬ್ಬರಿ ಐತಿ," ಎಂದರು ಕಾಕು ಕಟ್ಟೆಗೆ ಕೈ ಬಡಿದು, "ನನ್ನ ಮನ್ಯಾಗ ಇದು ಯಾರ ಅಳತಿರೀ?"

"ನಂದು," ಎಂದರು ಆರಡಿ ಎತ್ತರದ ಕಾಕಾ.

ನನಗೂ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕಿಟಕಿಯ ಬಳಿಯಿಂದ ಮೆತ್ತನೆಯ ಕುರ್ಚಿಯೊಂದನ್ನು ಎಳೆದು ತಂದರು.

"ಬಾಳೊತ್ತ ನಿಂದರೂದೂ ಬ್ಯಾಡ ಅಂತ ದವಾಖಾನ್ಯಾಗ ಡಾಕ್ಟರ್ ಹೇಳಿದ್ದು ನನಗ ಕೇಳಿಲ್ಲ ಅಂತ ಮಾಡಿದ್ದೇನು? ಯಾರಿಗೂ ಹೇಳದ ಮುಚ್ಚಿಟ್ಟಿದ್ದಿ. ಇಷ್ಟ ವರ್ಷ ನೀ ಮಾಡಿ ಹಾಕಿದಿ. ಇನ್ನ ಮ್ಯಾಲ ನೀ ಕುಂದರು, ನಾ ನಿಂದರತೇನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಚಹಾ ಕಾಸಲೂ ಬಾರದ ಮನುಷ್ಯ! ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಉಪ್ಪಿನ ಡಬ್ಬಿ ಯಾವುದು, ಸೋಡಾದ ಡಬ್ಬಿ ಯಾವುದು, ಅದಾದ್ರೂ ಗೊತ್ತೈತೇನ್ರಿ?"

"ಇಲ್ಲ," ಎಂದರು ಕಾಕಾ.

"ಹಂಗಾರ ಕುರ್ಚಿ ಇನ್ನಷ್ಟ ಹತ್ತರ ಸರಸ್ರಿ. ಹೇಳಿಕೊಡ್ತೇನಿ."