ಶುದ್ಧಿಪತ್ರರ ಪಿಟೀಲು ವೃಂದ

ಅಲ್ಪಪ್ರಾಣ ಮಹಾಪ್ರಾಣಗಳ ಹಗಲಿರುಳಿನ ಕಾವಲುಗಾರರು, ದಾರಿ ತಪ್ಪಿದ ಅಲ್ಪವಿರಾಮಗಳಿಗೆ ಆಪದ್ಬಾಂಧವರು, ಒತ್ತಕ್ಷರ ಮರೆತ ಲೇಖಕರಿಗೆ ಸಿಂಹಸ್ವಪ್ನರು, ಹೋಟೆಲಿನ ತಿಂಡಿಪಟ್ಟಿಯನ್ನು ಕೆಂಪು ಶಾಯಿಯಲ್ಲಿ ತಿದ್ದದೆ ತುತ್ತೆತ್ತದ ವ್ರತನಿಷ್ಠರು, ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿ ಒಂದೇ ಒಂದು ತಪ್ಪನ್ನೂ ಜೀವಸಹಿತ ಹೊರಗೆ ಬಿಡದ ಮಹಾಶೂರರು! ಇಂತಿಪ್ಪ ಗುಣಗಣಗಳಿಂದ ಶೋಭಿಸುತ್ತಿದ್ದ ನಮ್ಮ ಕಥಾನಾಯಕರನ್ನು ಮನೆಯವರೂ ಕಚೇರಿಯವರೂ ‘ಶುದ್ಧಿಪತ್ರ’ ಎಂದೇ ಕರೆಯುತ್ತಿದ್ದರು.

ಅವರ ಮಾವನವರು ಐವತ್ತು ವರ್ಷ ಪಿಟೀಲು ಕಲಿಸಿದವರು. ಈಗ ಬೆರಳುಗಳು ಗಂಟುಗಟ್ಟಿ ಕಮಾನು ಹಿಡಿಯಲಾರರು. ತಾವು ಕಟ್ಟಿದ ಪುಟ್ಟದೊಂದು ಧಾಟಿಯನ್ನು ಇಪ್ಪತ್ತು ಪಿಟೀಲುಗಳು ಒಟ್ಟಿಗೆ ನುಡಿಸುವುದನ್ನು ಒಮ್ಮೆಯಾದರೂ ಕೇಳಬೇಕೆಂಬುದೊಂದೇ ಅವರ ಆಸೆ. ಆ ಭಾನುವಾರ ಸಂಜೆ ಅವರಿಗೆ ಎಂಬತ್ತು ತುಂಬುವುದಿತ್ತು.

“ಇಪ್ಪತ್ತೇನು ಮಾವ, ನಲವತ್ತು ಕೂರಿಸ್ತೀನಿ! ಪಿಟೀಲಿನ ದನಿ ಕೊಡೋ ಕೀಬೋರ್ಡಿದೆ, ಕಂಪ್ಯೂಟರಿದೆ, ಎಲ್ಲಕ್ಕಿಂತ ಹೆಚ್ಚಾಗಿ ನಾನಿದ್ದೀನಿ!” ಎಂದು ಶುದ್ಧಿಪತ್ರರು ಬೆಳಗ್ಗೆಯೇ ಗರ್ಜಿಸಿದರು.

“ರೀ, ಆ ಕೀಬೋರ್ಡಿನ ಪಿಟೀಲು ಕೇಳಿದ್ರೆ ತಗಡಿನ ಡಬ್ಬಿಯೊಳಗೆ ಯಾರೋ ಕೂತು ಅಳ್ತಿರೋ ಹಾಗಿರುತ್ತೆ” ಎಂದರು ಹೆಂಡತಿ.

“ನೋಡ್ತಿರು! ಅದೇ ಡಬ್ಬಿಯಿಂದ ಸಮುದ್ರ ಉಕ್ಕಿಸ್ತೀನಿ!”

ಮಾವನವರ ಹಳೆಯ ನೋಟುಪುಸ್ತಕವನ್ನು ಎದುರಿಗಿಟ್ಟುಕೊಂಡು, ಒಂದು ಸ್ವರವೂ ಎಡವದಂತೆ ಧಾಟಿಯನ್ನು ನುಡಿಸಿ ಧ್ವನಿಮುದ್ರಿಸಿದರು. ಆ ಒಂದನ್ನೇ ಕಂಪ್ಯೂಟರಿನಲ್ಲಿ ನಲವತ್ತು ಪ್ರತಿ ಮಾಡಿ, ಒಂದರ ಮೇಲೊಂದು ಪೇರಿಸಿ, ಗುಂಡಿ ಒತ್ತಿದರು. ಅಯ್ಯೋ! ಕೇಳಿಬಂದದ್ದು ನಲವತ್ತು ಪಿಟೀಲಲ್ಲ. ನಲವತ್ತು ಪಟ್ಟು ಗಂಟಲು ಪಡೆದ ಒಂದೇ ಪಿಟೀಲು! ಕಿಟಕಿಯ ಗಾಜು ನಡುಗಿತು. ಬಸಿಯಲ್ಲಿದ್ದ ಚಮಚ ಕುಣಿಯಿತು. ಮಹಡಿ ಮನೆಯ ಹಲ್ಲಿನ ಡಾಕ್ಟರು ಮೆಟ್ಟಿಲಿಳಿದು ಬಂದರು.

“ಏನ್ರೀ, ಗೋಡೆ ಕೊರೀತಿದ್ದೀರಾ? ನನ್ನ ಡ್ರಿಲ್ಲು ಕೂಡ ಇಷ್ಟು ಕೂಗಲ್ಲ!”

ಒಳಕೋಣೆಯಿಂದ ಮಾವನವರ ಧ್ವನಿ ಕೇಳಿಸಿತು: “ಒಬ್ಬನೇ ಮನುಷ್ಯ ನಲವತ್ತು ಸಲ ಕೂಗಿದ್ರೆ ಸಭೆ ಆಗುತ್ತಾ, ಅಳಿಯಂದಿರೇ?”

ಶುದ್ಧಿಪತ್ರರು ಸೋಲೊಪ್ಪುವರೇ? ಒಂದೊಂದು ಪ್ರತಿಯ ಶ್ರುತಿಯನ್ನೂ ಕೂದಲೆಳೆಯಷ್ಟು ಏರಿಳಿಸಿ ಮತ್ತೆ ಗುಂಡಿ ಒತ್ತಿದರು. ಅತ್ತೆಯವರು ಅಡುಗೆಮನೆಯಿಂದ ಓಡಿಬಂದರು.

“ಜೇನು ಎದ್ದಿದೆ! ಮೊದಲು ಕಿಟಕಿ ಮುಚ್ಚಿ!”

“ಸರೀರಿ ಆ ಕಡೆ” ಎಂದು ಹೆಂಡತಿ ಕುರ್ಚಿ ಎಳೆದುಕೊಂಡರು. “ಅಪ್ಪನ ಧಾಟಿ ಕೇಳಿ ಕೇಳಿ ಮನೆಮಂದಿಗೆಲ್ಲ ಬಾಯಿಪಾಠ. ನಾನು, ಅಮ್ಮ, ಮಗಳು, ನೀವು, ತಲಾ ಐದೈದು ಸಲ ಬೇರೆ ಬೇರೆ ನುಡಿಸೋಣ. ಇಪ್ಪತ್ತಾಯ್ತಲ್ಲ!”

ಅತ್ತೆಯವರು ಒಂಟಿ ಬೆರಳಲ್ಲಿ ಅರ್ಧ ಮಾತ್ರೆ ತಡವಾಗಿ ಬಂದರು. ಎಂಟು ವರ್ಷದ ಮಗಳು ಎಲ್ಲರಿಗಿಂತ ಮೊದಲೇ ಜಿಗಿದಳು. ಹೆಂಡತಿಯೋ, ಇಷ್ಟವಾದ ಸ್ವರವನ್ನು ಬಿಡಲಾರದೆ ಎಳೆದರು. ಒಂದೊಂದು ತಪ್ಪೂ ಶುದ್ಧಿಪತ್ರರ ಪಕ್ಕೆಗೆ ಮುಳ್ಳಿನಂತೆ ಚುಚ್ಚಿತು. ಆದರೆ ಇಪ್ಪತ್ತನ್ನೂ ಕೂಡಿಸಿ ಕೇಳಿದಾಗ, ಆಹಾ! ಡಬ್ಬಿ ಮಾಯವಾಗಿತ್ತು! ಮುಂದೆ ಓಡಿದವರೂ ಹಿಂದೆ ಉಳಿದವರೂ ಹೆಗಲಿಗೆ ಹೆಗಲು ತಾಗಿಸಿ ನಡೆವ ಮೆರವಣಿಗೆಯಂತೆ ನಾದವು ಕೋಣೆಯ ಅಗಲಕ್ಕೂ ಹರಡಿತು. ಮಗಳು ಮಂಚವೇರಿ ಕುಣಿದಳು!

ಉಳಿದವರು ಊಟಕ್ಕೆದ್ದರು. ಶುದ್ಧಿಪತ್ರರ ಬೆರಳು ತುರಿಸತೊಡಗಿತು. ತಾಳ ತಪ್ಪಿದ ಸ್ವರಗಳನ್ನೆಲ್ಲ ಒಂದೇ ಏಟಿಗೆ ಸಾಲಾಗಿ ನಿಲ್ಲಿಸುವ ಗುಂಡಿಯೊಂದು ಕಂಪ್ಯೂಟರಿನಲ್ಲಿತ್ತು. ಒತ್ತಿದರು! ಅಷ್ಟೇ ಅಲ್ಲ, ಮೊದಲು ನುಡಿಸಿದ್ದು ಅಳಿದುಹೋಗುವಂತೆ ಅದರ ಮೇಲೆಯೇ ಉಳಿಸಿಯೂ ಬಿಟ್ಟರು! ತಪ್ಪೊಂದೂ ಉಳಿಯಲಿಲ್ಲ, ಪಿಟೀಲೊಂದೂ ಉಳಿಯಲಿಲ್ಲ. ತಗಡಿನ ಡಬ್ಬಿ ಮರಳಿ ಬಂದಿತ್ತು.

“ರೀ! ಏನ್ ಮಾಡಿದ್ರಿ?”

“ತಿದ್ದಿದೆ.”

“ಅಪ್ಪಾ, ನನ್ನ ತಪ್ಪೆಲ್ಲ ಎಲ್ಲಿ ಹೋಯ್ತು?” ಎಂದು ಮಗಳು ಅಳುಮೋರೆ ಮಾಡಿದಳು.

ಸಂಜೆಗೆ ಮೂರೇ ಗಂಟೆ ಉಳಿದಿತ್ತು. ಮೂವರೂ ಬೆವರು ಸುರಿಸಿ ಹದಿನೈದನ್ನೂ ಹೊಸದಾಗಿ ನುಡಿಸಿದರು. ಶುದ್ಧಿಪತ್ರರ ಐದನ್ನು ಮಾತ್ರ ಮತ್ತೆ ನುಡಿಸಬೇಕಾಗಲಿಲ್ಲ. ಅವುಗಳಲ್ಲಿ ತಿದ್ದಲು ಆ ಗುಂಡಿಗೆ ಏನೂ ಸಿಕ್ಕಿರಲಿಲ್ಲ! ಈ ಸಂಗತಿಯನ್ನು ಅವರು ಎರಡು ಸಲ ಹೇಳಿಕೊಂಡರು.

ಮಾವನವರು ಬಂದು ಕುಳಿತು ಕಣ್ಣು ಮುಚ್ಚಿದರು. ಧಾಟಿ ಹೊಮ್ಮಿತು. ಅವರ ಕಾಲ್ಬೆರಳು ತಾಳ ಹಾಕಿತು, ಗಂಟುಗಟ್ಟಿದ ಕೈ ಇಲ್ಲದ ಕಮಾನನ್ನು ಎಳೆಯಿತು. ಮುಗಿದ ಮೇಲೆ ಕಣ್ಣು ತೆರೆದರು.

“ಮೈ ಜುಮ್ಮೆಂದಿತು! ಹದಿನೈದು ಪಿಟೀಲು ಅಪ್ಪಟ. ಆದ್ರೆ ಮಧ್ಯೆ ಐದು ಯಂತ್ರ ಸೇರ್ಕೊಂಡಿವೆಯಲ್ಲ, ಅವನ್ನ ತೆಗೆದ್ಬಿಡಿ.”

ಹೆಂಡತಿ ಸೂರು ನೋಡಿದರು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶುದ್ಧಿಪತ್ರರು ತಮ್ಮ ಐದನ್ನೂ ತಮ್ಮ ಕೈಯಿಂದಲೇ ಅಳಿಸಿ, ಮೆಲ್ಲನೆ ಕೇಳಿದರು:

“ಹಾಗಾದ್ರೆ ಇಪ್ಪತ್ತಕ್ಕೆ ಐದು ಕಡಿಮೆ ಬಿತ್ತಲ್ಲ, ಮಾವ?”

ಮುದುಕರು ಕೀಬೋರ್ಡಿನ ಮುಂದೆ ಕುಳಿತು ಒಂದು ಬೆರಳು ಚಾಚಿದರು. “ಈ ಬೆರಳು ಈಗ ಬಹಳ ಚೆನ್ನಾಗಿ ತಪ್ಪುತ್ತೆ. ನೀವು ಶುರು ಮಾಡೋ ಗುಂಡಿ ಒತ್ತಿ, ಅಳಿಯಂದಿರೇ. ಅಷ್ಟು ಸಾಕು.”

ಶುದ್ಧಿಪತ್ರರು ಒತ್ತಿದರು. ಅಷ್ಟು ನಿರ್ದುಷ್ಟವಾಗಿ ಆ ಗುಂಡಿಯನ್ನು ಲೋಕದಲ್ಲಿ ಇನ್ನಾರೂ ಒತ್ತಿರಲಾರರು!

ಆ ಹಿರಿಯರ ಬೆರಳಿಗೆ ಬಲವನ್ನೂ, ಆ ಮನೆಯ ಕಿವಿಗಳಿಗೆ ತಂಪನ್ನೂ, ಶುದ್ಧಿಪತ್ರರ ಕೈಗೆ ಆಗಾಗ ಒಂದೊಂದು ತಪ್ಪನ್ನೂ ದಯಪಾಲಿಸಿ, ಭಗವಂತನು ಆ ಕುಟುಂಬವನ್ನು ನೂರ್ಕಾಲ ನಗುನಗುತ್ತಾ ಇಟ್ಟಿರಲಿ.